ಮೂರನೇ ಚೌಕಕ್ಕೆ ಏಳು

ಅಡಿಲೇಡಿನಿಂದ ದೂರದ ಯಲ್ಟಾನಾ ಊರಿನ ಶಾಲೆಯ ಗೇಟಿಗೆ ಎರಡು ಕಂಬ. ಬಲಗಡೆಯದು ಕ್ಲೆಮ್ ಪಾಸ್ಕೋನದು, ಎಡಗಡೆಯದು ವೆರ್ನಾ ನೋಸ್ಕೆಯದು. ಹಾಗೆಂದು ಯಾವ ಕಾಗದದಲ್ಲೂ ಬರೆದಿಲ್ಲ. ಮೂವತ್ತೊಂದು ವರ್ಷದಿಂದ, ಚುನಾವಣೆಯ ಶನಿವಾರ ಬಂತೆಂದರೆ ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಇಬ್ಬರೂ ತಂತಮ್ಮ ಕಂಬಕ್ಕೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು. ಕ್ಲೆಮ್ ಲೇಬರ್ ಪಕ್ಷದ ಕಾರ್ಡು ಹಂಚುತ್ತಿದ್ದ, ವೆರ್ನಾ ಲಿಬರಲ್ ಪಕ್ಷದ್ದು. ಯಾರ ಹೆಸರಿನ ಮುಂದೆ ಯಾವ ಅಂಕಿ ಹಾಕಬೇಕೆಂದು ಹೇಳಿಕೊಡುವ ಕಾರ್ಡು ಅದು. ಒಳಗೆ ಹೋದವರು ಅದನ್ನು ನೋಡಿ ಬರೆಯುತ್ತಿದ್ದರೋ ಇಲ್ಲವೋ, ಹೊರಗೆ ಬರುವಾಗ ಗೇಟಿನ ಬಳಿ ಮಾರುವ ಸಾಸೇಜಿನ ಎಣ್ಣೆ ಒರೆಸಿಕೊಳ್ಳುವುದಕ್ಕಂತೂ ಬಳಸುತ್ತಿದ್ದರು.

ಕ್ಲೆಮ್‌ಗೆ ಆಗ ಎಪ್ಪತ್ತನಾಲ್ಕು. ಹದಿನಾಲ್ಕಕ್ಕೆ ಶಾಲೆ ಬಿಟ್ಟವನು ರೈಲ್ವೆಯ ಹಳಿ ರಿಪೇರಿ ಗ್ಯಾಂಗಿಗೆ ಸೇರಿದ್ದ. ಮೂವತ್ತೆಂಟು ವರ್ಷ ಬಿಸಿಲಲ್ಲಿ ಸುತ್ತಿಗೆ ಬೀಸಿದ. ಕೊನೆಗೆ ಆ ಹಳಿಯನ್ನೇ ಸರ್ಕಾರ ಮುಚ್ಚಿತು. ಯಾವ ಪಕ್ಷದ ಸರ್ಕಾರ ಮುಚ್ಚಿತು ಅನ್ನುವುದರ ಮೇಲೆ ಅವನಿಗೂ ವೆರ್ನಾಗೂ ಇಪ್ಪತ್ತು ವರ್ಷ ಜಗಳವಾಗಿದೆ. ಕ್ಲೆಮ್ ಮದುವೆಯಾಗಲೇ ಇಲ್ಲ. ಊರಿನ ಪಕ್ಷದ ಸಭೆ ಅವನ ಅಡುಗೆಮನೆಯಲ್ಲೇ ಸೇರುತ್ತಿತ್ತು. ಸದಸ್ಯರು ನಾಲ್ವರು, ಅವರಲ್ಲಿ ಇಬ್ಬರಿಗೆ ಕಿವಿ ಕೇಳಿಸದು. ಸುತ್ತ ನೂರು ಮೈಲಿ ಗೋಧಿ ಬೆಳೆಯುವ ಆ ಕ್ಷೇತ್ರದಲ್ಲಿ ಅವನ ಪಕ್ಷ ಅವನಿಗೆ ಬುದ್ಧಿ ಬಂದಾಗಿನಿಂದ ಒಂದು ಸಲವೂ ಗೆದ್ದಿರಲಿಲ್ಲ. ಗೆಲ್ಲುವ ಲಕ್ಷಣವೂ ಇರಲಿಲ್ಲ. ಆದರೂ ಅವನಿಗೊಂದು ಹೆಮ್ಮೆಯಿತ್ತು. ಐವತ್ತಕ್ಕೂ ಹೆಚ್ಚು ವರ್ಷದಲ್ಲಿ ಅವನ ಒಂದು ವೋಟೂ ಕೆಟ್ಟು ಹೋಗಿರಲಿಲ್ಲ.

ಅಲ್ಲಿ ವೋಟು ಕೆಡುವುದು ಸುಲಭ. ಮುದ್ರೆ ಒತ್ತಿ ಬಂದರೆ ಮುಗಿಯುವುದಿಲ್ಲ. ಏಳು ಮಂದಿ ನಿಂತಿದ್ದರೆ ಏಳು ಚೌಕಕ್ಕೂ ಒಂದರಿಂದ ಏಳರವರೆಗೆ ಅಂಕಿ ಹಾಕಬೇಕು. ಬೇಕಾದವನಿಗೆ ಒಂದು, ಬೇಡವೇ ಬೇಡ ಅನ್ನುವವನಿಗೆ ಏಳು. ಒಂದು ಹಾಕಿಸಿಕೊಂಡವನು ಎಣಿಕೆಯಲ್ಲಿ ಹೊರಬಿದ್ದರೆ ವೋಟು ಎರಡು ಇದ್ದವನಿಗೆ, ಅವನೂ ಬಿದ್ದರೆ ಮೂರು ಇದ್ದವನಿಗೆ ಹೋಗುತ್ತದೆ. ಒಂದು ಅಂಕಿ ಎರಡು ಕಡೆ ಬಿದ್ದರೆ ಆ ಕಾಗದವನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ.

ಈ ಸಲ ಅದೇ ಚಿಂತೆ ಕ್ಲೆಮ್‌ನ ತಲೆ ತಿನ್ನುತ್ತಿತ್ತು. ಒಂದೂವರೆ ವರ್ಷದಿಂದ ಅವನ ಎರಡೂ ಕಣ್ಣಿನ ನೋಟದ ನಡುಭಾಗಕ್ಕೆ ಮಸಿ ಮೆತ್ತಿದಂತಾಗಿತ್ತು. ಅಂಚಿನಲ್ಲಿ ಎಲ್ಲ ಕಾಣುವುದು, ನೇರ ನೋಡಿದ್ದು ಮಾತ್ರ ಕಾಣದು. ಮನುಷ್ಯನ ಕಿವಿ ಕಂಡರೆ ಮೂಗಿಲ್ಲ. ಕಾರನ್ನು ತಂಗಿಯ ಮಗನಿಗೆ ಕೊಟ್ಟು, ನಡೆದರೆ ಮಂಡಿಗೆ ಒಳ್ಳೆಯದಂತೆ ಎಂದು ಊರಿಗೆಲ್ಲ ಹೇಳಿದ್ದ. ಜನರನ್ನು ದನಿಯಿಂದ, ನಡಿಗೆಯಿಂದ ಗುರುತು ಹಿಡಿಯುತ್ತಿದ್ದ. ಕಣ್ಣಿಲ್ಲದವರು ಫೋನಿನಲ್ಲೇ ವೋಟು ಹಾಕಬಹುದು, ಆದರೆ ಮೊದಲು ಹೆಸರು ಬರೆಸಬೇಕು. ಹೆಸರು ಬರೆಸಿದರೆ ಯಾರಿಗಾದರೂ ತಿಳಿಯುತ್ತದೆ. ತಿಳಿದರೆ ಪಕ್ಷದವರು ಬೆನ್ನು ತಟ್ಟಿ, ಮನೆಯಲ್ಲಿ ಕೂರಿಸಿ, ಕಂಬಕ್ಕೆ ಬೇರೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಅದು ಅವನಿಗೆ ಬೇಡವಾಗಿತ್ತು. ಹಾಗಾಗಿ ಹೆಸರುಗಳ ಸಾಲನ್ನು ತಂಗಿಯಿಂದ ಫೋನಿನಲ್ಲಿ ಓದಿಸಿಕೊಂಡು ಬಾಯಿಪಾಠ ಮಾಡಿದ್ದ. ತನ್ನವನು ಮೇಲಿಂದ ನಾಲ್ಕನೆಯವನು, ವೆರ್ನಾಳವನು ಮೂರನೆಯವನು. ಭೂತಗನ್ನಡಿ ಹಿಡಿದು ಹಳೆಯ ಲಕೋಟೆಗಳ ಮೇಲೆ ಒಂದು ವಾರ ಅಭ್ಯಾಸವನ್ನೂ ಮಾಡಿದ.

ಅಲ್ಲಿ ಮೇ ತಿಂಗಳೆಂದರೆ ಚಳಿ. ಗೇಟಿನಾಚೆ ಕಟುಕ ಡಡ್ಲಿ ಶಾಲೆಯ ಪೋಷಕರ ಸಂಘದ ಪರವಾಗಿ ಸಾಸೇಜು ಸುಡುತ್ತಿದ್ದ. ಈರುಳ್ಳಿಯ ಘಾಟು ರಸ್ತೆಯವರೆಗೂ ಹೋಗಿತ್ತು.

"ಮೊಟ್ಟೆ ಡಜನ್‌ಗೆ ಎಂಟು ಡಾಲರ್ ಕಣೇ ವೆರ್ನಾ," ಎಂದು ಕ್ಲೆಮ್ ಶುರು ಮಾಡಿದ. "ನಿಮ್ಮೋರು ಬಂದ್ರೆ ಕೋಳೀನೂ ಖಾಸಗಿಯವ್ರಿಗೆ ಮಾರ್ತಾರೆ, ನೋಡ್ತಿರು."

"ಎಂಟಾಗಿದ್ದು ಯಾರ್ ಕಾಲ್ದಲ್ಲಪ್ಪಾ? ಮೂರು ವರ್ಷದಿಂದ ಕುರ್ಚೀಲಿ ಕೂತಿರೋದು ನಿಮ್ಮೋರು. ಕೋಳಿ ಏನು ನನ್ ಮಾತು ಕೇಳಿ ಮೊಟ್ಟೆ ಇಡೋದು ನಿಲ್ಲಿಸ್ತಾ?"

"ಬಡ್ಡಿ ಇಳೀಲಿಲ್ವಾ?"

"ಏರಿಸಿದ್ದು ಹನ್ನೆರಡು ಸಲ, ಇಳಿಸಿದ್ದು ಒಂದು ಸಲ. ಅದಕ್ಕೆ ಬ್ಯಾಂಡ್ ಬಾರಿಸ್ಲಾ?"

"ಮತ್ತೆ ಕರೆಂಟು? ನಿಮ್ ನಾಯಕ ಅಣು ಸ್ಥಾವರ ಕಟ್ತಾನಂತೆ. ಅದು ಮುಗಿಯೋ ಹೊತ್ಗೆ ನಾನು ನೀನು ಇಬ್ರೂ ಮಣ್ಣಾಗಿರ್ತೀವಿ."

"ನೀನು ಆಗು. ನಂಗೆ ಕುರಿ ಉಣ್ಣೆ ಕತ್ತರಿಸೋ ಕೆಲ್ಸ ಇದೆ."

ಡಡ್ಲಿ ಇಕ್ಕಳ ಎತ್ತಿ ಕೂಗಿದ: "ಏಯ್, ಗಂಟಲು ಹರ್ಕೊಂಡಿದ್ದು ಸಾಕು, ಬಂದು ತಿನ್ನಿ. ಇಲ್ಲಿ ಎರಡೂ ಪಾರ್ಟಿಗೂ ಒಂದೇ ರೇಟು. ನಾಯಿಗೆ ಮಾತ್ರ ಪುಕ್ಕಟೆ."

"ಹಾಗಾದ್ರೆ ಕ್ಲೆಮ್‌ಗೆ ಪುಕ್ಕಟೆ ಕೊಡು," ಎಂದಳು ವೆರ್ನಾ.

ಹತ್ತೂವರೆಗೆ ಟೀ. ವೆರ್ನಾಳ ಗಂಡ ರೋಲ್ಫ್‌ಗೆ ರಾಜಕೀಯದ ಹೆಸರೆತ್ತಿದರೆ ತಲೆನೋವು. ಆದರೂ ಚುನಾವಣೆಯ ದಿನ ಫ್ಲಾಸ್ಕಿನ ತುಂಬ ಟೀ ಮಾಡಿ, ಎರಡು ಲೋಟ ಇಟ್ಟು ಕಳಿಸುತ್ತಿದ್ದ. ಕಾರ್ಡಿನ ಕಟ್ಟುಗಳನ್ನು ಮೋಟುಗೋಡೆಯ ಮೇಲೆ ಒಂದೇ ಇಟ್ಟಿಗೆಯ ಕೆಳಗಿಟ್ಟು ಇಬ್ಬರೂ ಟೀ ಕುಡಿದರು. ಕುಡಿದು ಮುಗಿಸುವಷ್ಟರಲ್ಲಿ ಮೂರು ಕಾರು ಒಟ್ಟಿಗೇ ಬಂದವು. ಕ್ಲೆಮ್ ಕೈಯಾಡಿಸಿ ರಬ್ಬರ್ ಬ್ಯಾಂಡ್ ಇದ್ದ ಕಟ್ಟು ಎತ್ತಿಕೊಂಡು ಓಡಿದ. ರಬ್ಬರ್ ಬ್ಯಾಂಡ್ ಹಾಕುವವನು ಅವನು, ವೆರ್ನಾ ಯಾವಾಗಲೂ ದಾರ ಕಟ್ಟುವವಳು. ಈ ಸಲ ಅವಳ ದಾರ ತೀರಿಹೋಗಿ ಅವಳೂ ರಬ್ಬರ್ ಬ್ಯಾಂಡೇ ಹಾಕಿದ್ದು ಅವನಿಗೆ ಗೊತ್ತಿರಲಿಲ್ಲ.

"ಲೇಬರ್‌ಗೆ ಹಾಕಿ, ಲೇಬರ್‌ಗೆ! ನಿಮ್ ಆಸ್ಪತ್ರೆ ಉಳೀಬೇಕಾ, ಬೇಡ್ವಾ?" ಎಂದು ಕೂಗುತ್ತ ಅವನು ಲಿಬರಲ್ ಪಕ್ಷದ ಕಾರ್ಡು ಹಂಚತೊಡಗಿದ.

ಕಾರ್ಡು ಹಿಡಿದವರು ಅದನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದರು. "ಏನಪ್ಪಾ ಕ್ಲೆಮ್, ಪಾರ್ಟಿ ಬದಲಾಯಿಸ್ಬಿಟ್ಯಾ?" ಎಂದ ಒಬ್ಬ. ಮೂವತ್ತು ವರ್ಷದಿಂದ ಕೇಳುತ್ತಿದ್ದ ಹಳಸಲು ಜೋಕು. ಕ್ಲೆಮ್ ಎಂದಿನಂತೆ, "ಹೂಂ ಕಣಯ್ಯ, ನಿನ್ ಹೆಂಡ್ತೀನ ಕೇಳು," ಎಂದು ಎಂದಿನ ಉತ್ತರ ಕೊಟ್ಟ. ಆ ಮನುಷ್ಯ ಬಿದ್ದುಬಿದ್ದು ನಗುತ್ತ ಒಳಗೆ ಹೋದ.

ವೆರ್ನಾ ಮೊದಲು ತಾನೂ ನಕ್ಕಳು. ಅವನು ಏನೋ ತಮಾಷೆ ಹೂಡಿದ್ದಾನೆ ಅಂದುಕೊಂಡಳು. ಆಮೇಲೆ, ಹೇಗೂ ತನ್ನ ಪಕ್ಷದ ಕೆಲಸ ತಾನೇ ಆಗುತ್ತಿದೆ, ಆಗಲಿ ಎಂದು ಸುಮ್ಮನಿದ್ದಳು. ಇಪ್ಪತ್ತು ಕಾರ್ಡು ಹೋಗಿರಬೇಕು. ಇಪ್ಪತ್ತೊಂದನೆಯದನ್ನು ಅವನು ತಲೆಕೆಳಗಾಗಿ ಹಿಡಿದು ಒಬ್ಬ ಮುದುಕಿಯ ಕಡೆ ಚಾಚಿದ. ಆ ಮುದುಕಿ ಅವನ ನೇರ ಎದುರಿಗೇ ನಿಂತಿದ್ದಳು, ಅವನು ಅವಳ ಪಕ್ಕಕ್ಕೆ, ಬರಿಗಾಳಿಗೆ ಚಾಚಿದ್ದ. ವೆರ್ನಾಳ ನಗು ನಿಂತಿತು.

ಅವಳು ಹೋಗಿ ಅವನ ಕೈಲಿದ್ದ ಕಟ್ಟು ತೆಗೆದುಕೊಂಡು ಅವನದೇ ಪಕ್ಷದ ಕಟ್ಟನ್ನು ಕೈಗಿಟ್ಟಳು.

"ಏನೇ ಇದು?"

"ಅದು ನಂದು. ಅರ್ಧ ಗಂಟೆಯಿಂದ ನಂದೇ ಹಂಚ್ತಿದೀಯ."

ಕ್ಲೆಮ್‌ನ ಕಿವಿ ಕೆಂಪಾಯಿತು. "ನೀನೇ ಬದಲಾಯಿಸಿರ್ತೀಯ. ನಿಮ್ ಪಾರ್ಟಿ ಬುದ್ಧಿ ಇಷ್ಟೇ."

"ಎಷ್ಟು ದಿನದಿಂದ ಹೀಗೆ?"

"ಏನು ಹೀಗೆ?"

"ಕಣ್ಣು ಕಣೋ. ನನ್ ಮೂಗು ಕಾಣ್ಸುತ್ತಾ ನಿಂಗೆ?"

"ನಿನ್ ಮೂಗು ನೋಡೋಕೆ ದುರ್ಬೀನು ಬೇಕಾ? ಅಡಿಲೇಡ್‌ನಿಂದ್ಲೂ ಕಾಣುತ್ತೆ. ಹೋಗೇ, ನಿನ್ ಕಂಬ ನೋಡ್ಕೋ ಹೋಗು."

ವೆರ್ನಾ ತನ್ನ ಕಂಬಕ್ಕೆ ಹೋದಳು. ಎರಡು ಗಂಟೆಯ ಕಾಲ ಗೇಟಿನಲ್ಲಿ ರಾಜಕೀಯದ ಮಾತೇ ಹುಟ್ಟಲಿಲ್ಲ. "ಏನ್ರೋ, ಯಾರಾದ್ರೂ ಸತ್ರಾ?" ಎಂದು ಡಡ್ಲಿ ಕೇಳಿದ.

ಎರಡಕ್ಕೆ ಫುಟ್‌ಬಾಲ್ ಆಟ ಶುರುವಾಗಿ ಊರೆಲ್ಲ ಮೈದಾನಕ್ಕೆ ಹೋಯಿತು, ಗೇಟು ಖಾಲಿಯಾಯಿತು. ಕ್ಲೆಮ್ ಯಾವಾಗಲೂ ವೋಟು ಹಾಕುವುದು ಆ ಹೊತ್ತಿಗೇ. ಕಟ್ಟನ್ನು ಇಟ್ಟಿಗೆಯ ಕೆಳಗಿಟ್ಟು ಒಳಗೆ ಹೋದ. ಅಧಿಕಾರಿಯಾಗಿ ಕೂತಿದ್ದ ಲಾನ್ ಟ್ರಾನ್ ಅದೇ ಶಾಲೆಯ ಟೀಚರು. ಅವಳು ಹೆಸರು ಕೇಳಿ ಗೆರೆ ಎಳೆದು, ಕ್ಷೇತ್ರದ ಏಳು ಹೆಸರಿದ್ದ ಒಂದು ಹಸಿರು ಕಾಗದವನ್ನೂ ಮೇಲ್ಮನೆಗೆಂದು ಮೇಜಿನ ಬಟ್ಟೆಯಷ್ಟಗಲದ ಒಂದು ಬಿಳಿ ಕಾಗದವನ್ನೂ ಕೊಟ್ಟಳು. ಕ್ಲೆಮ್ ರಟ್ಟಿನ ಮರೆಗೆ ಹೋಗಿ ಜೇಬಿನಿಂದ ಭೂತಗನ್ನಡಿ ತೆಗೆದ. ಹಸಿರಿನ ಮೇಲೆ ಕಪ್ಪು ಸಾಲುಗಳು ಇರುವೆಗಳಂತೆ ಹರಿದಾಡಿದವು. ಬೆರಳಿಂದ ತಡವಿ ನೋಡಿದ. ಅಚ್ಚಾದ ಚೌಕ ಬೆರಳಿಗೆ ಸಿಗುವುದಿಲ್ಲ. ಮನೆಯಲ್ಲಿ ಲಕೋಟೆಯ ಮೇಲೆ ತಾನೇ ದಪ್ಪ ಗೆರೆ ಎಳೆದುಕೊಂಡು ಬರೆದಿದ್ದ ಮುಠ್ಠಾಳ. ಪೆನ್ಸಿಲ್ ಹಿಡಿದು ನಾಲ್ಕನೆಯ ಸಾಲೆಂದು ಅಂದಾಜು ಮಾಡಿ ತುದಿಯನ್ನು ಕಾಗದದವರೆಗೆ ತಂದ. ಅದು ನಾಲ್ಕೋ, ಮೂರೋ. ಮೂರಾದರೆ ಜೀವಮಾನದಲ್ಲಿ ಮೊದಲ ಸಲ ವೆರ್ನಾಳವನಿಗೆ ಒಂದು ಹಾಕಿದಂತಾಗುತ್ತದೆ.

ಐದು ನಿಮಿಷ ಹಾಗೇ ನಿಂತಿದ್ದ. ಆಮೇಲೆ ಬರೆಯದ ಕಾಗದಗಳನ್ನು ಹಿಡಿದುಕೊಂಡೇ ಟೀಚರ ಮೇಜಿಗೆ ಬಂದ.

"ಮೇಡಂ, ಕಣ್ಣು ಸ್ವಲ್ಪ... ಬರೆಯೋಕೆ ಆಗ್ತಿಲ್ಲ." ಆ ಮಾತು ಹೊರಗೆ ಬರುವಾಗ ಹಲ್ಲು ಕಿತ್ತಂತಾಯಿತು.

"ಅದಕ್ಕೇನು ಪಾಸ್ಕೋ ಅವ್ರೇ, ನಾನೇ ಬರೀತೀನಿ. ಇಲ್ಲಾ ನಿಮ್ಗೆ ಯಾರ ಮೇಲೆ ನಂಬಿಕೆಯೋ ಅವ್ರನ್ನ ಕರೀಬಹುದು. ಪಕ್ಷದವ್ರಾದ್ರೂ ಪರವಾಗಿಲ್ಲ, ನಿಂತಿರೋ ಅಭ್ಯರ್ಥಿ ಆಗಿರ್ಬಾರ್ದು ಅಷ್ಟೇ."

ಕ್ಲೆಮ್ ಯೋಚಿಸಿದ. ಟೀಚರು ಬರೆದರೆ ಪಕ್ಷಗಳ ಏಜೆಂಟರೂ ಪಕ್ಕದಲ್ಲಿ ನಿಂತು ನೋಡಬೇಕು. ತನ್ನ ಪಕ್ಷದ ಏಜೆಂಟು ಅಡಿಲೇಡಿನಿಂದ ಬಂದಿದ್ದ ಬಾಯಿಬಡುಕ, ಸಂಜೆಯೊಳಗೆ ಎಲ್ಲರಿಗೂ ಫೋನ್ ಮಾಡುತ್ತಾನೆ. ಹೇಗೂ ಗೊತ್ತಾಗಿರುವವರು ಈ ಊರಲ್ಲಿ ಒಬ್ಬರೇ.

"ಎಡಗಡೆ ಕಂಬದ ಹತ್ರ ಒಬ್ಳಿದಾಳೆ," ಎಂದ. "ಅವಳನ್ನ ಕರೀರಿ."

ವೆರ್ನಾ ಬಂದಳು. ಎದೆಯ ಮೇಲಿನ ಪಕ್ಷದ ನೀಲಿ ಬ್ಯಾಡ್ಜನ್ನು ಬಾಗಿಲಲ್ಲೇ ಬಿಚ್ಚಿಸಿದರು. ರಟ್ಟಿನ ಮರೆಯಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರು.

"ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?" ಎಂದು ಅವಳು ಪಿಸುಗುಟ್ಟಿದಳು.

"ಬಾಯ್ಮುಚ್ಕೊಂಡು ಬರಿ. ನಾಲ್ಕನೇದಕ್ಕೆ ಒಂದು."

ಪೆನ್ಸಿಲ್ ಅಲ್ಲಾಡಲಿಲ್ಲ. "ಕ್ಲೆಮ್, ನನ್ ಜನ್ಮದಲ್ಲೇ ಆ ಚೌಕಕ್ಕೆ ಒಂದು ಬರ್ದಿಲ್ಲ ಕಣೋ."

"ನಂಗೊತ್ತು. ಬರಿ."

ಸರ್ ಎಂದು ಒಂದು ಗೆರೆ.

"ಎರಡನೇದಕ್ಕೆ ಎರಡು. ಐದನೇದು ಆ ನರ್ಸಮ್ಮ, ಅವಳಿಗೆ ಮೂರು. ಆರನೇದಕ್ಕೆ ನಾಲ್ಕು. ಕೊನೇದಕ್ಕೆ ಐದು."

ಪೆನ್ಸಿಲ್ ಓಡಿತು. ಉಳಿದದ್ದು ಎರಡು ಚೌಕ: ಮೇಲಿನದು ಎಲ್ಲ ತೆರಿಗೆಯನ್ನೂ ರದ್ದು ಮಾಡುತ್ತೇನೆಂದು ಹೊರಟಿದ್ದ ಒಬ್ಬ ಹುಚ್ಚನದು, ಮೂರನೆಯದು ವೆರ್ನಾಳ ಪಕ್ಷದ್ದು.

"ಮೊದಲನೇದಕ್ಕೆ ಆರು. ಮೂರನೇದಕ್ಕೆ ಏಳು."

"ಆ ತೆರಿಗೆ ಹುಚ್ಚನಿಗಿಂತ ಕೆಳಗಾ ನಮ್ಮೋನು?" ಅವಳ ದನಿ ಏರಿತು. ಟೀಚರು ಕೆಮ್ಮಿದಳು. ವೆರ್ನಾ ದನಿ ತಗ್ಗಿಸಿದಳು. "ತೆರಿಗೆ ಇಲ್ದೆ ರಸ್ತೆ ಯಾರಪ್ಪ ಹಾಕ್ತಾನೆ? ನಿನ್ ಪಿಂಚಣಿ ಎಲ್ಲಿಂದ ಬರುತ್ತೆ? ಇವತ್ತು ನಿನ್ ಮಾನ ಉಳಿಸಿದೀನಿ. ಇದೊಂದು ಆರು ಮಾಡ್ಲಾ?"

"ನಿನ್ನ ಕೇಳಿದ್ದು ಬರೆಯೋಕೆ, ಚೌಕಾಸಿಗಲ್ಲ."

"ಆರಾದ್ರೇನು ಏಳಾದ್ರೇನು, ನಿನ್ ವೋಟಿನ ಎಣಿಕೆ ಅಲ್ಲೀತಂಕ ಬರೋದೂ ಇಲ್ಲ."

"ಎಣಿಕೆ ಬರದೇ ಇದ್ರೂ ಸರಿ. ಏಳು."

ಕ್ಲೆಮ್ ಗೋಡೆಯ ಕಡೆ ಮುಖ ಮಾಡಿ ಕಾಯುತ್ತಿದ್ದ. ಅವಳು ಆರು ಬರೆದರೂ ಅವನಿಗೆ ಗೊತ್ತಾಗುವಂತಿರಲಿಲ್ಲ. ನಾಲ್ಕನೇದಕ್ಕೆ ಒಂದು ಹಾಕಿದ್ದಾಳೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಆಮೇಲೆ ಒಂದು ಸಣ್ಣ ಗೆರೆ ಎಳೆದ ಸದ್ದು, ಅದರ ಬೆನ್ನಿಗೇ ಚಟ್ ಎಂಬ ಸದ್ದು. ಸೀಸದ ತುದಿ ಮುರಿದು ರಟ್ಟಿಗೆ ಬಡಿದು ನೆಲಕ್ಕೆ ಬಿತ್ತು.

"ಥೂ," ಎಂದಳು ವೆರ್ನಾ. "ಇದ್ರ ಮನೆ ಹಾಳಾಗ. ಇನ್ನೊಂದು ಪೆನ್ಸಿಲ್ ಕೊಡಿ ಮೇಡಂ, ಈ ಏಳಕ್ಕೆ ಇನ್ನೂ ಕಾಲು ಎಳೀಬೇಕು."

ಕ್ಲೆಮ್‌ಗೆ ಅಷ್ಟು ಸಾಕಾಯಿತು. ಬಿಳಿ ಕಾಗದಕ್ಕೆ ಆರೇ ಅಂಕಿ ಸಾಕು, ಅವನ್ನು ಹೇಳುವಾಗ ಅವನು ಅವಳ ಕೈಯ ಕಡೆ ಕಿವಿ ಕೂಡ ಕೊಡಲಿಲ್ಲ. ಕಾಗದಗಳನ್ನು ತಾನೇ ಮಡಚಿದ. ಪೆಟ್ಟಿಗೆಯ ಸೀಳು ಸಿಗಲಿಲ್ಲ. ವೆರ್ನಾ ಅವನ ಮಣಿಕಟ್ಟು ಹಿಡಿದು ಎರಡಂಗುಲ ಬಲಕ್ಕೆ ಸರಿಸಿದಳು, ಅವನು ಹಾಕಿದ.

ಗೇಟಿಗೆ ಬಂದ ಮೇಲೆ ಅವಳು ಬ್ಯಾಡ್ಜು ಚುಚ್ಚಿಕೊಳ್ಳುತ್ತ, ತನ್ನ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಅವನ ಕಡೆ ಎಸೆದಳು. ಅದು ಅವನ ಎದೆಗೆ ತಾಗಿ ಬಿತ್ತು.

"ಇಟ್ಕೋ. ನಾನು ರೋಲ್ಫ್‌ಗೆ ಹೇಳಿ ದಾರ ತರಿಸ್ತೀನಿ."

"ಗ್ಯಾಸ್ ಬಗ್ಗೆ ನಿಮ್ಮೋರು ಏನಂತಾರೆ?" ಎಂದ ಕ್ಲೆಮ್, ನೆಲ ತಡವುತ್ತ. "ನಮ್ ನೆಲದ ಗ್ಯಾಸು ಜಪಾನಿಗೆ ಅಗ್ಗ, ನಮ್ ಒಲೆಗೆ ದುಬಾರಿ. ಅದ್ಹೇಗೆ?"

"ಅದನ್ನ ನಿಮ್ಮೋರ್ನೇ ಕೇಳು," ಎಂದು ವೆರ್ನಾ ತನ್ನ ಕಂಬಕ್ಕೆ ಬೆನ್ನು ಕೊಟ್ಟಳು. "ಬಲಕ್ಕಲ್ಲ ಕಣೋ, ಎಡಗಾಲಿನ ಹತ್ರ ಬಿದ್ದಿದೆ."