ಕುಣಿಗಲ್‌ನಲ್ಲಿ ಸಿಕ್ಕ ತಂಗಿ

ನನಗೊಬ್ಬಳು ತಂಗಿ ಇದ್ದಾಳೆ. ಅವಳು ನನಗೆ ಸಿಕ್ಕಿದ್ದು ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಕುಣಿಗಲ್‌ನಲ್ಲಿ, ಒಂದು ಭಾನುವಾರ ಮಧ್ಯಾಹ್ನ.

(ನಮ್ಮಪ್ಪನ ಬಗ್ಗೆ ಏನೇನೋ ಊಹಿಸಬೇಡಿ. ಅವರು ಸಂಭಾವಿತರು.)

ತುಮಕೂರಿನ ನಮ್ಮ ಚರ್ಚಿನಲ್ಲಿ ಗಂಡಸರದೊಂದು ಸಂಘವಿದೆ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಒಂದು ಜಪ, ಒಂದು ಕಾಫಿ, ಆಮೇಲೆ ಜಗಳ. ಅದೂ ಮುಗಿದ ಮೇಲೆ ಇಬ್ಬಿಬ್ಬರಾಗಿ ಹೊರಡುತ್ತೇವೆ. ಕಷ್ಟದಲ್ಲಿರುವವರ ಮನೆಗೆ ಅಕ್ಕಿ, ಬೇಳೆ, ಸೋಪು ತಲುಪಿಸಿ, ಸ್ವಲ್ಪ ಹೊತ್ತು ಕೂತು, ಯೋಗಕ್ಷೇಮ ಕೇಳಿ ವಾಪಸ್ಸು ಬರುವುದು ನಮ್ಮ ಕೆಲಸ. ನಾನು ಟೆಲಿಫೋನ್ ಎಕ್ಸ್‌ಚೇಂಜಿನವನು. ವಾರವಿಡೀ ಬೇರೆಯವರ ಟ್ರಂಕ್ ಕಾಲ್ ಜೋಡಿಸಿ ಕಿವಿ ಸೋತವನಿಗೆ ಭಾನುವಾರ ಮಧ್ಯಾಹ್ನ ಒಂದು ನಿದ್ದೆ ಬೇಡವೆ? ಬೇಕು. ಆದರೆ ಸೇರಿಬಿಟ್ಟಿದ್ದೇನೆ. ಇಂಥ ಸಂಘಗಳಿಗೆ ಸೇರುವುದು ಸುಲಭ ಸ್ವಾಮಿ, ಬಿಡುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ.

ಸಭೆಯಲ್ಲಿ ಯಾರ ಹೆಸರನ್ನೂ ಎತ್ತುವುದಿಲ್ಲ. ಅವರ ಮರ್ಯಾದೆಯ ಪ್ರಶ್ನೆ. ಅದಕ್ಕೇ ‘ಕೇಸು’ ಅನ್ನುತ್ತೇವೆ. ಗುಬ್ಬಿ ಗೇಟ್ ಕೇಸು, ಹಳೇ ಮಾರ್ಕೆಟ್ ಕೇಸು. (ಇದರಿಂದ ಅವರ ಮರ್ಯಾದೆ ಹೇಗೆ ಉಳಿಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.)

ಆರೋಗ್ಯಮ್ಮ ನಮಗೆ ‘ಕುಣಿಗಲ್ ಕೇಸು’.

ಲಾರಿ ಡ್ರೈವರ್ ಆಗಿದ್ದ ಗಂಡ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಆಕೆ ಊದುಬತ್ತಿ ಹೊಸೆದು, ಒಬ್ಬಳೇ ಮಗಳು ಲೂರ್ದು ಮೇರಿಯನ್ನು ಸಾಕಿದ್ದಳು. ತಿಂಗಳಿಗೊಮ್ಮೆ ನಾನು ಮತ್ತು ಚೌರಪ್ಪ ಹೋಗುತ್ತಿದ್ದೆವು. ಚೌರಪ್ಪ ಕರೆಂಟ್ ಆಫೀಸಿನವನು, ನನಗಿಂತ ಗಟ್ಟಿಮುಟ್ಟು, ಹಾಗಾಗಿ ಅಕ್ಕಿ ಚೀಲ ಅವನ ಹೆಗಲಿಗೆ. ಆರೋಗ್ಯಮ್ಮ ನಮ್ಮೆದುರು ಕೂತಿದ್ದೇ ಇಲ್ಲ. ಬಾಗಿಲಿಗೆ ಒರಗಿ ನಿಂತು, ಕೇಳಿದ್ದಕ್ಕೆಲ್ಲ "ಹೂಂ ಸಾರ್, ಚೆನ್ನಾಗಿದೀವಿ ಸಾರ್" ಎನ್ನುವಳು. ಬಸ್ಸಿಳಿದು ಬಂದ ನಮಗೂ ಬಿಸಿಲಿನ ಆಯಾಸ, ಉತ್ತರ ಹೇಳುವ ಅವಳಿಗೂ ಏನೋ ಆಯಾಸ. ಬೇಗ ಬೇಗ ಮುಗಿಸುತ್ತಿದ್ದೆವು.

ಒಮ್ಮೆ ಚೌರಪ್ಪನ ಮನೆಯಲ್ಲಿ ಏನೋ ಕಾರ್ಯವಿತ್ತೆಂದು ವಾರ ಮೊದಲೇ ಹೋದೆವು. ನಾವು ಬರುತ್ತೇವೆಂದು ಅವಳಿಗೆ ಗೊತ್ತಿಲ್ಲ. ಮನೆ ಮುಂದೆ ಸಾಲಾಗಿ ಚಪ್ಪಲಿಗಳು. ಒಳಗೆ ಚಾಪೆಯ ಮೇಲೆ ನೆಂಟರು. ತಟ್ಟೆಯಲ್ಲಿ ಕೇಸರಿಬಾತು, ಬಾಳೆಹಣ್ಣು. ಲೂರ್ದು ಮೇರಿ ಹೂ ಮುಡಿದು ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದಳು.

ಹೆಣ್ಣು ನೋಡುವ ಶಾಸ್ತ್ರ! ನಾವು ಹೊಸ್ತಿಲಲ್ಲಿ, ಅಕ್ಕಿ ಚೀಲದ ಸಮೇತ.

ಆರೋಗ್ಯಮ್ಮ ನಮ್ಮನ್ನು ನೋಡಿದಳು. ಮುಖದ ಬಣ್ಣವೇ ಹೋಯಿತು. ಚಾಪೆ ಮೇಲಿದ್ದವರೆಲ್ಲ ತಿರುಗಿ ಚೀಲ ನೋಡಿದರು. ಆಗ ಅವಳು ನೆಟ್ಟಗೆ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟು:

"ಈಗ್ ಬಂದ್ಯಾ ಅಣ್ಣ? ಎಷ್ಟೊತ್ತು ಕಾಯದು ನಿನ್ನ!"

ಆಮೇಲೆ ಬೀಗರ ಕಡೆ ತಿರುಗಿ, "ನಮ್ಮಣ್ಣ. ತುಮಕೂರಲ್ಲಿ ಅವ್ನೆ. ಬರಿಗೈಲಿ ಬಂದೋನೇ ಅಲ್ಲ" ಅಂದಳು.

ನಾನು ಚೌರಪ್ಪನ ಮುಖ ನೋಡಿದೆ. ಚೌರಪ್ಪ ಮನೆಯ ಹೆಂಚು ನೋಡಿದ. ಏನಾದರೂ ಹೇಳಲೇಬೇಕಿತ್ತು.

"ಬಸ್ ಲೇಟು ಕಣಮ್ಮ" ಅಂದೆ.

(ಬಸ್ಸು ನಿಜಕ್ಕೂ ಲೇಟಾಗಿತ್ತು. ಅಲ್ಲಿಯವರೆಗೆ ನಾನು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ.)

ಗಂಡಿನ ಕಡೆಯವರು ಗುಬ್ಬಿಯವರು. ಹುಡುಗ ಅಂತೋಣಿಗೆ ಅಲ್ಲೊಂದು ಸೈಕಲ್ ಶಾಪು. ಅವನ ತಾಯಿ ತೆರೇಜಮ್ಮ ಜೋರು ಹೆಂಗಸು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಎಲ್ಲಿ ಕೆಲಸ, ಎಷ್ಟು ಮಕ್ಕಳು, ಸ್ವಂತ ಮನೆಯಾ ಎಂದೆಲ್ಲ ವಿಚಾರಿಸಿದರು. ಎಲ್ಲಕ್ಕೂ ಸತ್ಯವನ್ನೇ ಹೇಳಿದೆ. ಕೊನೆಗೆ ಅವರು ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಗಂಡು ದಿಕ್ಕಿಲ್ದಿರೋ ಮನೆ ಅಂತ ನಮಗೆ ಒಂಚೂರು ಯೋಚ್ನೆ ಇತ್ತು ಬೀಗ್ರೇ. ನೀವಿದೀರಲ್ಲ, ಆಯ್ತು. ನಮಗೆ ಒಪ್ಗೆ."

ಮದುವೆ ಗೊತ್ತಾಗಿಯೇ ಹೋಯಿತು. ನನ್ನ ಭರವಸೆಯ ಮೇಲೆ!

ಅವರು ಹೋದ ಮೇಲೆ ಆರೋಗ್ಯಮ್ಮ ನೆಲಕ್ಕೆ ಕುಸಿದು ಕೂತಳು. ನಮ್ಮೆದುರು ಆಕೆ ಕೂತದ್ದು ಅದೇ ಮೊದಲು.

"ತಪ್ಪಾಯ್ತು ಸಾರ್. ಬಾಯಿಗೆ ಬಂದ್ಬುಡ್ತು. ಅಕ್ಕಿ ಹೊತ್ಕಂಡು ಬಂದೋರ್ನ ಇನ್ಯಾರು ಅಂತ ಹೇಳ್ಲಿ?"

"ಸ್ವಂತ ಅಣ್ಣ ತಮ್ಮ ಯಾರೂ ಇಲ್ವೇನಮ್ಮ?"

"ಹೆಬ್ಬೂರಲ್ಲಿ ಒಬ್ಬ ಅವ್ನೆ. ಇದ್ದೂ ಇಲ್ಲ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಂದಿನ ಸಭೆಯಲ್ಲಿ ಇದೇ ಚರ್ಚೆ. ನಮ್ಮ ಅಧ್ಯಕ್ಷರು ರಾಯಪ್ಪ ಮೇಷ್ಟ್ರು, ರಿಟೈರ್ಡ್ ಹೆಡ್‌ಮಾಸ್ಟರು. ಅವರು ಮೇಜು ಕುಟ್ಟಿದರು. "ಮದುವೆ ಅನ್ನೋದು ಸಂಸ್ಕಾರ ಕಣಯ್ಯಾ. ಸುಳ್ಳಿನ ಮೇಲೆ ಕಟ್ಟೋಕಾಗುತ್ತಾ? ಹೋಗಿ ನಿಜ ಹೇಳಿ ಬಾ." ಇನ್ನೊಬ್ಬರು, ಹುಡುಗಿ ಮದುವೆ ಮುರಿದರೆ ಅದರ ಪಾಪ ಯಾರಿಗೆ ಅಂದರು. ಕಾಫಿ ಆರಿತು. ನನಗೆ ಎರಡೂ ಕಡೆಯ ಮಾತು ಸರಿಯೆನ್ನಿಸಿ ತಲೆನೋವು ಬಂತು. ಕೊನೆಗೆ ಚೌರಪ್ಪ ತಮಾಷೆಗೆ, "ಅಣ್ಣ ಇರೋ ಹೆಂಗಸಿಗೆ ಸಂಘದಿಂದ ಯಾಕ್ರೀ ಅಕ್ಕಿ? ಅಣ್ಣ ಕೊಡ್ಲಿ" ಅಂದ. ಎಲ್ಲರೂ ನಕ್ಕರು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಗುಬ್ಬಿಗೆ ನಿಜ ಹೇಳಲು ಯಾರೂ ಹೋಗಲಿಲ್ಲ, ಮುಂದಿನ ತಿಂಗಳಿಂದ ಅಕ್ಕಿ ಮಾತ್ರ ನನ್ನ ಮನೆಯಿಂದಲೇ ಹೋಯಿತು.

ನನ್ನ ಹೆಂಡತಿ ಸ್ಟೆಲ್ಲಾ ಇದನ್ನೆಲ್ಲ ಕೇಳಿ, "ನನಗೊಬ್ಬಳು ನಾದಿನಿ ಇರೋದು ಮದ್ವೆಯಾಗಿ ಇಷ್ಟು ವರ್ಷ ಆದ್ಮೇಲೆ ಗೊತ್ತಾಗ್ತಿದೆಯಲ್ಲ" ಅಂದಳು. ಆದರೂ ಮದುವೆಗೆ ಅವಳೇ ನಿಂತು ಸೀರೆ ಆರಿಸಿದಳು.

ಕುಣಿಗಲ್‌ನಲ್ಲಿ ಮದುವೆ. ಲೂರ್ದು ಮೇರಿಯ ಕೈ ಹಿಡಿದು ಚರ್ಚಿನ ಪೀಠದವರೆಗೆ ಕರೆದುಕೊಂಡು ಹೋದವನು ನಾನು. ಸಂಘದವರೆಲ್ಲ ಬಂದು ಪಂಚೆ ಎತ್ತಿಕಟ್ಟಿ ಊಟ ಬಡಿಸಿದರು. ತೆರೇಜಮ್ಮ ಸಾರಿನ ಬಕೆಟ್ಟು ಹಿಡಿದಿದ್ದ ರಾಯಪ್ಪ ಮೇಷ್ಟ್ರನ್ನು ತಡೆದು, "ನೀವು ಹೆಣ್ಣಿಗೆ ಏನಾಗ್ಬೇಕು?" ಅಂತ ಕೇಳಿಯೇಬಿಟ್ಟರು. ಮೇಷ್ಟ್ರು ಬಕೆಟ್ಟಿನೊಳಗೆ ನೋಡಿದರು, ಚರ್ಚಿನ ಶಿಲುಬೆ ನೋಡಿದರು, ಆಮೇಲೆ ಹೇಳಿದರು:

"ದೊಡ್ಡಪ್ಪ ಆಗ್ಬೇಕು."

ಕತೆ ಇಲ್ಲಿಗೆ ಮುಗಿಯಬೇಕಿತ್ತಲ್ಲವೆ? ಧರ್ಮ ಮಾಡಿದವರ ಕತೆಗಳೆಲ್ಲ ಇಲ್ಲಿಗೆ ಮುಗಿಯುತ್ತವೆ. ಅಣ್ಣನಾದವನ ಕತೆ ಇಲ್ಲಿಂದ ಶುರು.

ಸಂಘದ ಅಕ್ಕಿಗೆ ಒಂದು ಅಳತೆ ಇತ್ತು. ತವರಿಗೆ ಎಲ್ಲಿಯ ಅಳತೆ? ಕ್ರಿಸ್ಮಸ್ಸಿಗೆ ಸೀರೆ. ಈಸ್ಟರಿಗೆ ಗುಬ್ಬಿಗೆ ಪ್ರಯಾಣ. ಅತ್ತೆ ಸೊಸೆ ಮುನಿಸಿಕೊಂಡರೆ ಅಂತೋಣಿ ನೇರವಾಗಿ ಎಕ್ಸ್‌ಚೇಂಜಿಗೇ ಬಂದು, "ಮಾವ, ನೀವೊಂದ್ಸಲ ಬಂದು ಹೇಳ್ಬುಡಿ" ಎನ್ನುವುದು. ನಾನು ಹೋಗಿ ಇಬ್ಬರ ಮಾತೂ ಕೇಳಿ, ಯಾರ ಮಾತೂ ತಲೆಗೆ ಹೋಗದೆ, ಊಟ ಮಾಡಿ ಬರುವುದು. ಲೂರ್ದು ಮೇರಿ ಬಸುರಿಯಾದಳು. ಬಾಣಂತನಕ್ಕೆ ತುಪ್ಪ, ಕೊಬ್ಬರಿ, ಬೆಲ್ಲ. ಸಾಕಪ್ಪಾ ಎನಿಸುತ್ತಿತ್ತು. ‘ಕೇಸು’ ಆಗಿದ್ದಾಗ ಸ್ವಲ್ಪ ಹೊತ್ತು ಕೂತು ಎದ್ದು ಬರಬಹುದಿತ್ತು. ತಂಗಿಯ ಮನೆಯಿಂದ ಅಷ್ಟು ಬೇಗ ಏಳಲು ಬಿಡುತ್ತಾರೆಯೆ?

ಕಳೆದ ಭಾನುವಾರ ಗುಬ್ಬಿಯಲ್ಲಿ ಮಗುವಿಗೆ ಹೆಸರಿಡುವ ಜ್ಞಾನಸ್ನಾನ. ಸೈಕಲ್ ಶಾಪಿನ ಮುಂದೆ ಶಾಮಿಯಾನ. ನನ್ನನ್ನು ಮಧ್ಯದ ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ತೊಡೆಯ ಮೇಲಿಟ್ಟು, "ತಾತನ ಜೊತೆ ಒಂದು ಫೋಟೊ" ಎಂದು ಗಲಾಟೆ. ಆಗ ಶಾಮಿಯಾನದ ಅಂಚಿನಲ್ಲಿ ಒಬ್ಬ ಬಂದು ನಿಂತ. ಒಗೆದು ಒಗೆದು ತೆಳುವಾದ ಬಿಳಿ ಅಂಗಿ. ಕೈಯಲ್ಲೊಂದು ಪೇಪರ್ ಪೊಟ್ಟಣ. ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ.

ಪಾಯಸ ಬಡಿಸುತ್ತಿದ್ದ ಆರೋಗ್ಯಮ್ಮನ ಸೌಟು ನಿಂತಿತು.

"ಯಾರವ್ವ ಅದು? ನಿಮ್ ಕಡೆಯೋರಾ?" ತೆರೇಜಮ್ಮ ಕೇಳಿದರು.

"ನಮ್ಮೂರ್ ಕಡೆಯೋರು. ಗೊತ್ತಿರೋರು" ಅಂದಳು ಆರೋಗ್ಯಮ್ಮ.

ಅವನಿಗೆ ಅವಳೇ ಎಲೆ ಹಾಕಿದಳು. ಅವಳೇ ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡ. ಎದ್ದು ಕೈ ತೊಳೆಯುವಾಗ ಮುಖ ಸರಿಯಾಗಿ ಕಂಡಿತು. ಆರೋಗ್ಯಮ್ಮನದೇ ಮೂಗು, ಅವಳದೇ ಹುಬ್ಬು. ನನಗೆ ದೂರದಿಂದಲೇ ಕೈ ಮುಗಿದು, ಪೊಟ್ಟಣ ಕೈಯಲ್ಲೇ ಹಿಡಿದು ಹೊರಟುಬಿಟ್ಟ.

ಮಗುವನ್ನು ಸ್ಟೆಲ್ಲಾಳ ಕೈಗೆ ಕೊಟ್ಟು ಹಿಂದೆಯೇ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ.

"ಹೆಬ್ಬೂರಿನವರಲ್ವಾ ನೀವು?" ಅಂದೆ.

"ಹೂಂ ಸಾಮಿ. ಇನ್ನಾಸಪ್ಪ ಅಂತ. ನೀವೇ ಅಲ್ವಾ ತುಮಕೂರಣ್ಣ?"

ಆ ದಿನ ಅಕಸ್ಮಾತ್ತಾಗಿ ಹೀಗಾಯಿತು ಎಂದು ವಿವರಿಸಲು ಹೊರಟೆ. ತಡೆದ.

"ಗೊತ್ತು ಬುಡಿ. ಊರಲ್ಲಿ ನನ್ನೇ ಕೇಳ್ತಾರೆ, ನಿನ್ ತಂಗಿಗೆ ತುಮಕೂರಲ್ಲೊಬ್ಬ ಅಣ್ಣ ಅವ್ನಂತಲ್ಲ ಅಂತ." ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಭಾವ ಹೋದಾಗ ಮಗೀನ ಎತ್ಕಂಡು ನಮ್ಮನೆಗೇ ಬಂದಿದ್ಲು ಸಾಮಿ. ನಮ್ಮನೇಲೂ ಏನೂ ಇರ್ಲಿಲ್ಲ. ಒಳಿಕ್ ಬಾ ಅಂದ್ರೆ ಇಲ್ಲೇ ಉಳ್ಕಂಬುಡ್ತಾಳೆ ಅಂತ ಭಯ ಆಯ್ತು. ಅನ್ನಲಿಲ್ಲ. ಬಾಗ್ಲಲ್ಲೇ ನೀರ್ ಕೊಟ್ಟು ಕಳಿಸ್ದೆ."

"ಬನ್ನಿ, ವಾಪಸ್ ಹೋಗೋಣ. ಎಲ್ಲರ ಮುಂದೆ ನಾನೇ ನಿಜ ಹೇಳ್ತೀನಿ."

"ಬ್ಯಾಡಿ, ಬ್ಯಾಡಿ. ಹೆಣ್ ಕೊಟ್ಟಿರೋ ಮನೆ. ನೀವೇ ಅಣ್ಣ ಆಗಿರಿ. ನನ್ ಕೈಲಿ ಆಗ್ಲಿಲ್ಲ." ಪೊಟ್ಟಣವನ್ನು ನನ್ನ ಕೈಗಿಟ್ಟ. "ಮಗೀಗೆ ಕುಲಾವಿ. ನೀವೇ ತಂದಿದ್ದು ಅಂತ ಕೊಡಿ."

ಬಸ್ಸು ಬಂತು. ರಶ್ಶು. ಬಾಗಿಲ ಕಂಬಿ ಹಿಡಿದು ನಿಂತುಕೊಂಡೇ ಹೋದ.

ಬಿಡಲಾಗದ ಹೊರೆ ಎಂದು ನಾನು ಗೊಣಗುತ್ತಿದ್ದೆನಲ್ಲ, ಆ ಹೊರೆಯನ್ನು ಹೊರಲಾಗದೆ ಇವನು ನನಗಿಂತ ಹೆಚ್ಚು ಬಳಲಿದ್ದ. ಬಿಸಿಲಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಸಮಾಧಾನವೇನೂ ಆಗಲಿಲ್ಲ.

ಮನೆಯ ಹಿಂದೆ ಆರೋಗ್ಯಮ್ಮ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು. ಪೊಟ್ಟಣ ಕೊಟ್ಟೆ.

"ಇದು ನಾನು ತಂದದ್ದಲ್ಲ" ಅಂದೆ.

ಕೈ ಒರೆಸಿಕೊಂಡು ಬಿಚ್ಚಿದಳು. ಕೆಂಪು ಉಣ್ಣೆಯ ಕುಲಾವಿ. ಅದರೊಳಗೆ ಬೆರಳುಗಳನ್ನು ತೂರಿಸಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು, ಮಗುವಿನ ತಲೆಗೆ ಆಗುತ್ತದೋ ಇಲ್ಲವೋ ಎಂಬಂತೆ. ಯಾರು ಕೊಟ್ಟರೆಂದು ಕೇಳಲಿಲ್ಲ.

"ಬಸ್ ಸಿಕ್ತಾ ಅವ್ನಿಗೆ?" ಅಂದಳು.

"ಸಿಕ್ತು."

"ಕೂರಾಕೆ ಜಾಗ?"

"ಸಿಕ್ತು ಕಣಮ್ಮ. ಕಿಟಕಿ ಪಕ್ಕ."

ಈ ಸಲ ಹೇಳಿದ್ದು ಶುದ್ಧ ಸುಳ್ಳು.

ಆಕೆ ಕುಲಾವಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಪಾತ್ರೆಗೆ ಕೈ ಹಾಕಿದಳು. ನಾನು ಶಾಮಿಯಾನಕ್ಕೆ ವಾಪಸ್ಸು ಬಂದೆ. ಮಧ್ಯದ ಕುರ್ಚಿಯನ್ನು ಯಾರೂ ಮುಟ್ಟಿರಲಿಲ್ಲ, ನನಗೆಂದೇ ಬಿಟ್ಟಿದ್ದರು. ಮಗುವಿಗೆ ಕಿವಿ ಚುಚ್ಚಿಸುವ ದಿನವನ್ನು ತೆರೇಜಮ್ಮ ಆಗಲೇ ಗೊತ್ತು ಮಾಡುತ್ತಿದ್ದರು. ಸೋದರಮಾವನಾಗಿ ಕೂರಲು ಲೂರ್ದು ಮೇರಿಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಮಗುವನ್ನು ನನ್ನ ತೊಡೆಯ ಮೇಲೇ ಕೂರಿಸಬೇಕಂತೆ. ಆಗಲಿ ಅಂದೆ. ಇನ್ನೇನು ಹೇಳಲಿ?

ಆದರೆ ನಿಮ್ಮನ್ನೊಂದು ಕೇಳುತ್ತೇನೆ: ಇನ್ನೊಬ್ಬನ ಜಾಗದಲ್ಲಿ ಎಷ್ಟು ಕಾಲ ಕೂತರೆ ಅದು ನಮ್ಮದಾಗುತ್ತದೆ?