ಗುಡಿಸಲಿನ ಹಬ್ಬದ ಪುಸ್ತಕ

ನಲ್ಲಂಪಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಮಕ್ಕಳಿಗೆ ಕಥೆ ಓದುತ್ತಿದ್ದೆ. ಒಬ್ಬ ಹುಡುಗಿಯ ಅಪ್ಪ ನುಗ್ಗಿ ಬಂದು ನನ್ನ ಕೈಯಲ್ಲಿದ್ದ ಪುಸ್ತಕವನ್ನು ಕಿತ್ತೆಸೆದ. ಅದು ಯಹೂದಿಗಳ ಹಬ್ಬದ ಚಿತ್ರಪುಸ್ತಕ. ಅಲೆದಾಡಿ ಬದುಕಿದ ಹಿರಿಯರ ನೆನಪಿಗೆ ಅವರು ವರ್ಷಕ್ಕೊಮ್ಮೆ ಸೊಪ್ಪಿನ ಗುಡಿಸಲು ಕಟ್ಟಿ, ಏಳು ದಿನ ಅದರಲ್ಲೇ ಉಣ್ಣುತ್ತಾರೆ.

"ಮಕ್ಕಳ ಮತ ಕೆಡ್ಸಾಕೆ ಓದ್ತಿದ್ದೀರಾ ಟೀಚರ್? ಗುಡ್ಲಲ್ಲಿ ಉಣ್ಣೋದೂ ಒಂದ್ ಅಬ್ಬವಾ?" ಎಂದು ಗದರಿದ.

ಹಿಂದೆಯೇ ಬಂದ ಅವನ ತಾಯಿ ಪುಸ್ತಕ ಎತ್ತಿಕೊಂಡು ಚಿತ್ರ ನೋಡಿದರು. "ಕುರಿ ಹಿಂದೆ ಅಲೀತಿದ್ದಾಗ ಇಂತಾ ಗುಡ್ಲಲ್ಲೇ ಕಣ್ಲಾ ನೀನು ಉಟ್ಟಿದ್ದು" ಅಂದರು.

ಅವನು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಅವನು ಎಸೆದಾಗ ಹರಿದ ಪುಟವನ್ನು ಅಂಟಿಸಿಟ್ಟಿದ್ದೇನೆ. ಹುಡುಗಿ ಮತ್ತೆ ಬಂದಿಲ್ಲ. ತಾನು ಹುಟ್ಟಿದ ಗುಡಿಸಲಿಗೆ ನಾಚಿಕೊಂಡವನು ಮಗಳ ಕಥೆಯನ್ನೂ ಕಿತ್ತುಕೊಂಡನಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ.