ನಿಂತು ನಿಂತು ಹಾರಿದ ವಿಮಾನ

ಬಿಸಿಯಾದ ಧೂಳಿಗೆ ಒಂದು ವಾಸನೆ ಇರುತ್ತದೆ, ಗೊತ್ತಲ್ಲ? ಮೊನ್ನೆ ನನ್ನ ಮಗ ಆಟವಾಡುವ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಗೇಮು ಸರಾಗವಾಗಿ ಓಡುತ್ತಿಲ್ಲ, ಚಿತ್ರ ತಡೆದು ತಡೆದು ಬರುತ್ತದೆ ಎಂದು ಬೆಳಗಿನಿಂದ ಅವನ ಗೊಣಗಾಟ. ಒಳಗಿನ ಫ್ಯಾನಿನ ಧೂಳನ್ನು ಅವನು ಉಫ್ ಎಂದು ಊದಿದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ಅದರ ಜೊತೆಗೆ ಕರ್ಪೂರದ ಹೊಗೆ, ಒದ್ದೆ ವಿಭೂತಿ, ಹುಣಸೆಹುಳಿ ಹಾಕಿ ಉಜ್ಜಿದ ಹಿತ್ತಾಳೆ, ಇವೆಲ್ಲ ಎಲ್ಲಿಂದ ಬಂದವೋ ಕಾಣೆ. ನಮ್ಮ ನ್ಯಾಮತಿಯ ಮನೆ ಇಡಿಯಾಗಿ ಬಂದು ಎದುರಿಗೆ ಕೂತಂತಾಯಿತು. ಆ ಮನೆ ಈಗಿಲ್ಲ. ಒಡೆದು ಕಾಂಪ್ಲೆಕ್ಸ್ ಕಟ್ಟಿದ್ದಾರೆ. ಕೆಳಗೊಂದು ಮೊಬೈಲ್ ಅಂಗಡಿ, ಮೇಲೊಂದು ಟ್ಯೂಷನ್ ಕ್ಲಾಸು.

ನಮ್ಮದು ಪಾತ್ರೆ ಅಂಗಡಿಯ ಮನೆ. ರಸ್ತೆಗೆ ಅಂಗಡಿ, ಅದರ ಪಕ್ಕಕ್ಕೆ ಮಾಲು ತುಂಬಿಡುವ ಕೋಣೆ, ಹಿಂದೆ ನಾವು. ದಿನವಿಡೀ ಕೊಡಪಾನ, ತಪ್ಪಲೆಗಳ ಠಣಠಣ ಕೇಳಿ ಕೇಳಿ ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವುದು ಯಾರಿಗೂ ಬರುತ್ತಿರಲಿಲ್ಲ, ಹಾಲೇಶ ಚಿಕ್ಕಪ್ಪನೊಬ್ಬನನ್ನು ಬಿಟ್ಟು. ಅವನು ಅಪ್ಪನ ತಮ್ಮ, ಅಜ್ಜಿಯ ಕೊನೆಯ ಕೂಸು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದಿದ್ದ. ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಗಳ ಜೊತೆ ಚೌಕಾಸಿ ಮಾಡಲು ನಾಚಿ ಅವರು ಕೇಳಿದ ರೇಟಿಗೇ ಕೊಟ್ಟು ಕಳಿಸುತ್ತಿದ್ದ. ಅಪ್ಪ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು. 'ದಂಡಪಿಂಡ' ಎಂಬ ಮಾತು ನಾನು ಕಲಿತದ್ದೇ ಚಿಕ್ಕಪ್ಪನ ದೆಸೆಯಿಂದ. ಅಜ್ಜಿ ಮಾತ್ರ ರೊಟ್ಟಿಯ ಮೇಲೆ ಅವನಿಗೊಂದು ಬೆಣ್ಣೆ ಮುದ್ದೆ ಹೆಚ್ಚಿಗೆ ಇಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೊಂಬಾಯಿಗೆ ಹೋಗಿ ಬಂದ ಗೆಳೆಯನೊಬ್ಬನ ಕೈಲಿ ಚಿಕ್ಕಪ್ಪ ಒಂದು ವೀಡಿಯೋ ಗೇಮು ತರಿಸಿದ. ಟೀವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ, ಅದಕ್ಕೆ ತುರುಕುವ ಒಂದು ಕ್ಯಾಸೆಟ್ಟು, ಕೈಯಲ್ಲಿ ಹಿಡಿದು ಒತ್ತಲು ಗುಂಡಿಗಳು. ಅಯ್ಯೋ, ಆ ವಿಮಾನ ಹಾರಿದ್ದೇನು, ಗುಂಡು ಸುರಿದದ್ದೇನು! ಹತ್ತು ವರ್ಷದ ನಾನು, ಮೂವತ್ತು ಸಮೀಪಿಸಿದ ಅವನು, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಆಡಿದೆವು. ಚಿಕ್ಕಪ್ಪನ ಲೆಕ್ಕಾಚಾರ ಮಾತ್ರ ಬೇರೆಯೇ ಇತ್ತು. ಮಾಲಿನ ಕೋಣೆ ಖಾಲಿ ಮಾಡಿಕೊಟ್ಟರೆ ಅಲ್ಲೇ ಊರ ಹುಡುಗರಿಗೆಲ್ಲ ಆಟ ಆಡಿಸುವ ಅಂಗಡಿ ಇಡುತ್ತೇನೆ ಎಂದು ಅಪ್ಪನ ಮುಂದೆ ನಿಂತು ಕೇಳಿದ. ತನಗೆಂದು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಪ್ಪ ಬಹಳ ಹೊತ್ತು ಗಲ್ಲ ಕೆರೆದುಕೊಂಡರು. "ಆಯುಧಪೂಜೆ ದಿನ ಎಲ್ರಿಗೂ ತೋರ್ಸು. ನೆಟ್ಟಗೆ ನಡೆದ್ರೆ ರೂಮು ನಿಂದು. ಇಲ್ಲಾಂದ್ರೆ ಬಾಯ್ಮುಚ್ಕೊಂಡು ಅಂಗಡೀಲಿ ಕೂರ್ಬೇಕು" ಎಂದರು. ಚಿಕ್ಕಪ್ಪ ಆ ದಿನವೇ ಕೋಣೆಗೆ ಸುಣ್ಣ ಬಳಿಯಲು ಶುರು ಮಾಡಿದ.

ಆಯುಧಪೂಜೆಯೆಂದರೆ ನಮ್ಮಲ್ಲಿ ಒಂದು ಸೂಜಿಯನ್ನೂ ಬಿಡುವಂತಿಲ್ಲ. ತಕ್ಕಡಿ, ಸುತ್ತಿಗೆ, ಸೈಕಲ್ಲು, ಈಳಿಗೆಮಣೆ, ಅಪ್ಪನ ಲೂನಾ, ಎಲ್ಲಕ್ಕೂ ನೀರಿನ ಸ್ನಾನ, ಮೂರು ಬೆರಳ ವಿಭೂತಿ, ಕುಂಕುಮ, ಚೆಂಡುಹೂವು. ಆ ವರ್ಷ ಟೀವಿಗೂ ಹಾರ ಬಿತ್ತು. ಗೇಮಿನ ಪೆಟ್ಟಿಗೆಗೆ ನೀರು ತಾಗಿಸಬಾರದು ಎಂದು ಚಿಕ್ಕಪ್ಪ ಹತ್ತು ಸಲ ಹೇಳಿ ಸ್ನಾನಕ್ಕೆ ಹೋದ. ಅಜ್ಜಿ ಆ ಮಾತನ್ನು ಶಿರಸಾವಹಿಸಿ ಪಾಲಿಸಿದಳು. ಒಣ ಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು, ಪಕ್ಕದಲ್ಲಿ ಬೇರೆಯಾಗಿಟ್ಟಿದ್ದ ಕ್ಯಾಸೆಟ್ಟನ್ನು ಎರಡು ಕೈಯಲ್ಲೂ ಎತ್ತಿಕೊಂಡಳು. ಅದರ ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲು ಪಳಪಳ ಹೊಳೆಯುತ್ತಿತ್ತು. "ಸುಮೀ, ಇದೇ ಅಲ್ಲೇನೆ ಇದ್ರ ಹಣೆ?" ಎಂದು ಕೇಳಿದಳು. ತಟ್ಟೆ ಹಿಡಿದು ನಿಂತಿದ್ದ ನಾನು ಎಲ್ಲ ಬಲ್ಲವಳ ಗತ್ತಿನಲ್ಲಿ "ಹೂಂ, ಅದೇ" ಎಂದೆ. ಅಜ್ಜಿ ವಿಭೂತಿಯನ್ನು ಒಂದು ಹನಿ ನೀರಲ್ಲಿ ಕಲಸಿ, ಮಗುವಿಗೆ ಹಚ್ಚುವಷ್ಟು ಹಗುರವಾಗಿ, ಆ ಹಲ್ಲುಗಳ ಮೇಲೆ ಮೂರು ಬೆರಳೆಳೆದಳು. "ನನ್ ಹಾಲೇಶಂಗೆ ಯಾರ ಕಣ್ಣೂ ಬೀಳ್ದಂಗೆ ನೋಡ್ಕಳಪ್ಪ" ಎಂದು ಕ್ಯಾಸೆಟ್ಟಿಗೇ ಹೇಳಿದಳು.

ಸಂಜೆ ಬೀದಿಗೆ ಬೀದಿಯೇ ಬಂದಿತ್ತು. ಅಪ್ಪ ಮುಂದಿನ ಕುರ್ಚಿಯಲ್ಲಿ. ಚಿಕ್ಕಪ್ಪ ಹೊಸ ಅಂಗಿ ತೊಟ್ಟು, ಕ್ಯಾಸೆಟ್ಟು ತುರುಕಿ, ಸ್ವಿಚ್ಚು ಒತ್ತಿದ. ವಿಮಾನ ಬಂತು. ಒಂದು ಗೇಣು ಹಾರಿ ನಿಂತುಬಿಟ್ಟಿತು. ಆಮೇಲೆ ಗಕ್ಕನೆ ಇನ್ನೆಲ್ಲಿಗೋ ನೆಗೆಯಿತು. ಗುಂಡಿ ಒತ್ತಿದರೆ ಗುಂಡು ಹೊರಡುವುದು ವೈರಿ ಬಂದು ಬಡಿದ ಮೇಲೆ. ನಾಲ್ಕು ವಿಮಾನ ಒಟ್ಟಿಗೆ ಬಂದರಂತೂ ಪರದೆಯೇ ತೊದಲುತ್ತಿತ್ತು. ಕರೆಂಟು ಡಿಮ್ಮಿರಬೇಕು ಎಂದರು ಯಾರೋ. ಪಕ್ಕದ ಮನೆಯಿಂದ ಸ್ಟೆಬಿಲೈಸರ್ ತಂದರು, ಆಂಟೆನಾ ತಿರುಗಿಸಿದರು, ಟೀವಿಯ ನೆತ್ತಿಗೆ ತಟ್ಟಿದರು. ಊಹೂಂ. "ಹಾಲೇಶಣ್ಣ, ನಿನ್ ಇಮಾನ ಎಲ್ಲಾ ಸ್ಟಾಪಲ್ಲೂ ನಿಲ್ಲುತ್ತಾ?" ಎಂದ ಒಬ್ಬ ಹುಡುಗ. ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಚಿಕ್ಕಪ್ಪನ ಕಿವಿ ಕೆಂಪಾದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಎದ್ದು ನಿಂತು, ಅಷ್ಟೂ ಜನರ ಮುಂದೆ ಅಜ್ಜಿಯ ಕಡೆ ತಿರುಗಿದರು. "ನೋಡಿದ್ಯೇನವ್ವ? ಇವನ್ನ ಕೆಡಿಸಿದ್ದು ಯಾರೂ ಅಲ್ಲ, ನೀನೇ. ನಿನ್ ಕೈಯಾರೆ ಕೆಡಿಸ್ದೆ." ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನವೇ ಸುಣ್ಣದ ವಾಸನೆ ಆರದ ಆ ಕೋಣೆಯೊಳಗೆ ಸ್ಟೀಲಿನ ಡಬರಿಗಳು ಬಂದು ಕೂತವು.

ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಚಿಕ್ಕಪ್ಪ ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದ. ಚಿನ್ನದ ಹಲ್ಲುಗಳ ಸಂದಿಯಲ್ಲಿ ಬೂದಿ ಒಣಗಿ ಅಂಟಿಕೊಂಡಿತ್ತು. "ಇದ್ನ ಯಾರು ಹಚ್ಚಿದ್ದು?" ಎಂದ. "ಅಜ್ಜಿ. ಹಣೆ ಇದೇನಾ ಅಂದ್ಲು, ನಾನು ಹೂಂ ಅಂದೆ" ಎಂದೆ. ಬೈಯುತ್ತಾನೆಂದು ಕಾದೆ. ಅವನು ಪಂಚೆಯ ಚುಂಗಿನಿಂದ ಒಂದೊಂದೇ ಹಲ್ಲನ್ನು ಒರೆಸಿ, ಊದಿ, ಟೀವಿಯ ಸದ್ದು ಪೂರ್ತಿ ಇಳಿಸಿ, ಹಾಕಿ ನೋಡಿದ. ವಿಮಾನ ಎಣ್ಣೆ ಸವರಿದ ಹಾಗೆ ಜಾರಿ ಹೋಯಿತು. ನಾನು ಖುಷಿಗೆ ಜಿಗಿದು ಅಪ್ಪನನ್ನು ಕರೆಯಲು ಹೊರಟೆ. ಅವನು ಲಂಗ ಹಿಡಿದು ಎಳೆದು ಕೂರಿಸಿದ. "ಬ್ಯಾಡ ಸುಮಿ. ಏನಾಗಿತ್ತು ಅಂತ ನಿಮ್ಮಪ್ಪ ಕೇಳ್ತಾನೆ. ಅವ್ವ ಕೈಯಾರೆ ಕೆಡಿಸಿದ್ದು ನಿಜ ಅಂತ ಆಗ್ಬಿಡುತ್ತೆ."

ರಿಪೇರಿ ಮಾಡಿಸಿದೆ ಎಂದು ಒಂದು ಸುಳ್ಳು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಗೇಮು ಮತ್ತೆ ಶುರುವಾದರೆ ಅಜ್ಜಿ ಮತ್ತೆ ವಿಭೂತಿ ತಟ್ಟೆ ಹಿಡಿದು ಬರುತ್ತಾಳೆ, ಬೇಡವೆನ್ನಬೇಕಾದರೆ ಯಾಕೆಂದು ಹೇಳಬೇಕಾಗುತ್ತದೆ, ಅದು ತನ್ನ ಕೈಲಾಗದು ಎಂದಿದ್ದ. ಹೀಗಾಗಿ ಅವನು ಬದುಕಿಡೀ ತಪ್ಪಲೆಗಳ ನಡುವೆ ಕೂತ. ಬೊಂಬಾಯಿಯವರು ಖೋಟಾ ಮಾಲು ಕೊಟ್ಟು ಟೋಪಿ ಹಾಕಿದರು ಎಂಬ ಊರವರ ಮಾತನ್ನು ಒಪ್ಪಿಕೊಂಡು 'ಗೇಮ್ ಹಾಲೇಶ' ಎನಿಸಿಕೊಂಡ. ಕೆಲವು ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಸದ್ದಿಲ್ಲದೆ, ಕಳ್ಳರ ಹಾಗೆ ನಾವಿಬ್ಬರೂ ಆಡುತ್ತಿದ್ದೆವು. ಗೋಡೆಯಾಚೆ ಮಲಗಿರುತ್ತಿದ್ದ ಅಜ್ಜಿ ಎದ್ದ ಸದ್ದಾದರೆ ಪಟಕ್ಕನೆ ಆರಿಸುತ್ತಿದ್ದೆವು. "ಪಾಪ, ನನ್ ಮಗಂಗೆ ಮೋಸ ಮಾಡಿಬಿಟ್ರು" ಎಂದು ಅಜ್ಜಿ ಸಾಯುವವರೆಗೂ ಹಲುಬಿದಳು. ಆಕೆಯ ತಿಥಿ ಮುಗಿದ ಮೇಲೆ, ಇನ್ನಾದರೂ ಹೇಳಿಬಿಡು ಎಂದು ನಾನು ಚಿಕ್ಕಪ್ಪನನ್ನು ಪೀಡಿಸಿದೆ. "ಈಗ ಹೇಳಿದ್ರೆ ಅವ್ವನ್ನ ನೆನೆಸ್ಕಂಡು ನಗ್ತಾರೆ. ನನ್ ನೋಡಿ ನಗಾಕೆ ರೂಢಿ ಆಗೈತೆ, ನಗ್ಲಿ ಬಿಡು" ಎಂದ. ಹೋದ ವರ್ಷ ಅವನೂ ಹೋದ. ಮಣ್ಣಿಗೆ ಬಂದವರು ಅಂಗಳದಲ್ಲಿ ಕೂತು ಆ ಸಂಜೆಯ ಕಥೆ ಎತ್ತಿ ನಕ್ಕರು. ಅವನನ್ನು ಇಷ್ಟಪಟ್ಟವರೇ ನಕ್ಕದ್ದು. ಅವರ ನಡುವೆ ಕೂತು ನಾನೂ ತುಟಿ ಅರಳಿಸಿದೆ. ಈಗ ನೆನೆದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಮೊನ್ನೆ ಮಗ ಧೂಳು ತೆಗೆದು, ಪೆಟ್ಟಿಗೆ ಮುಚ್ಚಿ, ಗೇಮು ಹಚ್ಚಿದ. "ನೋಡಮ್ಮ, ಈಗ ಹೆಂಗೆ ಓಡ್ತಿದೆ!" ಎಂದ. "ಅದೂ ಹಿಂಗೇ ಓಡ್ತಿತ್ತು ಕಣೋ, ಹಾಲೇಶಜ್ಜಂದು" ಎಂದೆ, ಬಾಯಿ ತಪ್ಪಿ. ಅವನು ಕಿಸಕ್ಕನೆ ನಕ್ಕ. "ಯಾವುದು, ಎಲ್ಲಾ ಸ್ಟಾಪಲ್ಲೂ ನಿಲ್ಲೋ ವಿಮಾನಾನಾ?"

ಚಿಕ್ಕಪ್ಪ ಆ ಮಾತನ್ನು ಇವನೆದುರು ಯಾವತ್ತೂ ಆಡಿದವನಲ್ಲ. ಇವನು ಚಿಕ್ಕವನಿದ್ದಾಗ ಊಟ ಮಾಡಿಸುತ್ತ, ನಗಿಸಲೆಂದು ಆ ಕಥೆಯನ್ನು ಮತ್ತೆ ಮತ್ತೆ ಹೇಳಿದವಳು ನಾನೇ. "ಇಲ್ಲ ಕಣೋ, ನಿಲ್ತಿರ್ಲಿಲ್ಲ. ಒಂದು ಚೂರೂ ನಿಲ್ತಿರ್ಲಿಲ್ಲ" ಎಂದೆ. ಅವನು ಅಷ್ಟರಲ್ಲಿ ಕಿವಿಗೆ ಹೆಡ್‌ಫೋನು ಏರಿಸಿಕೊಂಡಿದ್ದ.